ರಸ್ತೆ ಬಂದ ಮೇಲೆ ಕ್ರೀ ಜನ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗದಲ್ಲಿ ಜೇಮ್ಸ್ ಕೊಲ್ಲಿ ಇದೆ. ಅದರ ಪೂರ್ವ ದಂಡೆಯಲ್ಲೂ ಒಳನಾಡಿನ ಕಾಡುಗಳಲ್ಲೂ ಕ್ರೀ ಜನ ಸಾವಿರಾರು ವರ್ಷಗಳಿಂದ ಬೇಟೆಯಾಡಿ, ಮೀನು ಹಿಡಿದು ಬದುಕಿದ್ದಾರೆ. ಈ ಜನರ ಮಾತು ತೆಗೆದರೆ ಸಾಕು, ಯಾರಾದರೊಬ್ಬರು ತಪ್ಪದೆ ಕೇಳುತ್ತಾರೆ: "ಕೈಯಲ್ಲಿ ಬಂದೂಕು, ಮನೆಯಲ್ಲಿ ಟಿ.ವಿ., ಹೊರಗೆ ಟ್ರಕ್ಕು. ಇನ್ನು ಇವರಲ್ಲಿ ಉಳಿದಿರುವುದಾದರೂ ಏನು?" ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ, ಕ್ಷಮಿಸಿ. ಸಲಕರಣೆ ಯಾವುದೆಂದು ನೋಡಬೇಡಿ. ಅದನ್ನು ಬಳಸುವ ನಿಯಮ ಯಾರದು ಎಂದು ಕೇಳಿ. ಇವತ್ತು ನಾನು ಹೇಳಲು ಬಂದಿರುವುದು ಇದೊಂದನ್ನೇ.

1971ರ ಏಪ್ರಿಲ್ 30ರಂದು ಕ್ವಿಬೆಕ್‌ನ ಪ್ರೀಮಿಯರ್, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ, ರಾಬರ್ಟ್ ಬುರಾಸಾ ಅವರು ಜೇಮ್ಸ್ ಕೊಲ್ಲಿಗೆ ಹರಿಯುವ ನದಿಗಳಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಪ್ರಕಟಿಸಿದರು. ಆ ನದಿಗಳನ್ನೇ ನಂಬಿದ್ದವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಕ್ರೀಗಳು ಕೋರ್ಟಿನ ಮೆಟ್ಟಿಲು ಹತ್ತಿದರು. 1973ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ಆಲ್ಬರ್ಟ್ ಮಲೂಫ್ ಕೆಲಸ ನಿಲ್ಲಿಸಿ ಎಂದು ಆದೇಶವಿತ್ತರು. ಒಂದು ವಾರ ಕಳೆಯುವಷ್ಟರಲ್ಲಿ ಮೇಲಿನ ಕೋರ್ಟ್ ಆ ತಡೆ ತೆಗೆಯಿತು. ಕೊನೆಗೆ 1975ರ ನವೆಂಬರ್ 11ರಂದು ಸರ್ಕಾರಕ್ಕೂ ಕ್ರೀಗಳಿಗೂ ಒಪ್ಪಂದವಾಯಿತು. ಅಣೆಕಟ್ಟು ಎದ್ದಿತು, ಕಾಡು ಮುಳುಗಿತು. ಮುಳುಗಡೆ ಎಂದರೇನೆಂದು ನಮ್ಮ ಕೇಳುಗರಲ್ಲಿ ಕೆಲವರಿಗೆ ವಿವರಿಸಬೇಕಾಗಿಲ್ಲ. ಅಣೆಕಟ್ಟಿನ ಕೆಲಸಕ್ಕೆಂದು ರಸ್ತೆಯೂ ಬಂತು. ನನಗೆ ಬಹಳ ಇಷ್ಟವಾದ ಕಥೆ ಈ ರಸ್ತೆಯದು. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಲಾ ಗ್ರಾಂಡ್ ನದಿ ಸಮುದ್ರ ಸೇರುವಲ್ಲಿ ಚಿಸಾಸಿಬಿ ಎಂಬ ಕ್ರೀ ಊರಿದೆ. ಕ್ಯಾರಿಬೂ, ಅಂದರೆ ಹಿಮಸಾರಂಗ, ಆ ಕಡೆ ತಲೆಹಾಕದೆ ತಲೆಮಾರುಗಳೇ ಕಳೆದಿದ್ದವು. 1980ರ ದಶಕದ ಆರಂಭದಲ್ಲಿ ಹಿಂಡುಗಳು ಮರಳತೊಡಗಿದವು. 1983-84ರ ಚಳಿಗಾಲದಲ್ಲಂತೂ ಅಣೆಕಟ್ಟಿನ ರಸ್ತೆಯ ಮೇಲೆಯೇ ಬಂದು ನಿಂತವು. ಟ್ರಕ್ಕು ನಿಲ್ಲಿಸಿದರಾಯಿತು, ಹೊಡೆದರಾಯಿತು, ತುಂಬಿಕೊಂಡು ಬಂದರಾಯಿತು. ಕ್ಯಾರಿಬೂ ಬೇಟೆಯ ಅನುಭವವೇ ಇಲ್ಲದ ಕೆಲವರು ಮನಬಂದಂತೆ ಗುಂಡು ಹಾರಿಸಿದರು. ಹೊತ್ತು ತರಲಾರದಷ್ಟು ಕೊಂದರು. ಕೊಯ್ದು ಉಳಿದದ್ದನ್ನು ಅಲ್ಲೇ ಬಿಟ್ಟು ಬಂದರು.

ಕ್ರೀಗಳ ನಂಬಿಕೆಯಲ್ಲಿ ಇದು ಸಣ್ಣ ತಪ್ಪಲ್ಲ. ಪ್ರಾಣಿ ತಾನಾಗಿ ಬೇಟೆಗಾರನಿಗೆ ಒಲಿಯುತ್ತದೆ. ಅದನ್ನು ಅವಮಾನಿಸಿದರೆ, ಮಾಂಸ ಹಾಳುಗೆಡವಿದರೆ, ಮತ್ತೆ ಒಲಿಯುವುದಿಲ್ಲ. ಮುಂದಿನ ಚಳಿಗಾಲ ಟ್ರಕ್ಕುಗಳು ಬರಿಗೈಯಲ್ಲಿ ಹಿಂದಿರುಗಿದವು. ರಸ್ತೆಯ ಬಳಿ ಕ್ಯಾರಿಬೂ ಸುಳಿವೇ ಇಲ್ಲ.

ಆಗ ಊರಿನಲ್ಲಿ ಸಭೆ ಸೇರಿತು. ಎಲ್ಲರೂ ಗೌರವಿಸುವ ಇಬ್ಬರು ಹಿರಿಯರು ಎದ್ದು ನಿಂತು 1910ರ ದಶಕದ ಒಂದು ಕಥೆ ಹೇಳಿದರು. ಒಂದರ ಹಿಂದೊಂದು ಗುಂಡು ಹಾರುವ ರೈಫಲ್ ಆಗಷ್ಟೇ ಕೈಗೆ ಬಂದಿತ್ತಂತೆ. ಕಾನಿಯಾಪಿಸ್ಕೊ ನದಿಯ ಲೈಮ್‌ಸ್ಟೋನ್ ಜಲಪಾತದ ಬಳಿ ಕ್ಯಾರಿಬೂಗಳು ನದಿ ದಾಟುತ್ತಿದ್ದಾಗ ಬೇಟೆಗಾರರಿಗೆ ಹುಚ್ಚು ಹಿಡಿದಂತಾಯಿತು. ಮಿತಿಯಿಲ್ಲದೆ ಕೊಂದರು. ಕೊಳೆತ ಹೆಣಗಳಿಂದ ನದಿಯ ನೀರೇ ಕೆಟ್ಟಿತು. ಆಮೇಲೆ ಕ್ಯಾರಿಬೂ ಬರಲಿಲ್ಲ. ಆ ಕಾಲದ ಹಿರಿಯರು, ಅವು ಒಂದು ದಿನ ಮರಳುತ್ತವೆ ಎಂದಿದ್ದರು. ಈಗ ಮರಳಿವೆ, ಉಳಿಸಿಕೊಳ್ಳುವುದು ನಿಮಗೆ ಬಿಟ್ಟದ್ದು ಎಂದು ಯುವಕರಿಗೆ ಹೇಳಿ ಇಬ್ಬರೂ ಕುಳಿತರು.

ದಂಡ ಹಾಕಲಿಲ್ಲ. ಯಾರ ಬಂದೂಕನ್ನೂ ಕಿತ್ತುಕೊಳ್ಳಲಿಲ್ಲ. 1985-86ರ ಚಳಿಗಾಲದಲ್ಲಿ ಚಿಸಾಸಿಬಿಯವರು ಹೊಡೆದದ್ದು 867 ಕ್ಯಾರಿಬೂ, ಮನೆಗೆ ಎರಡರಂತೆ. ಬೇಕಾದಷ್ಟನ್ನು ಬೇಗ ಹೊಡೆದು, ಏನನ್ನೂ ಹಾಳುಮಾಡದೆ, ಜಾಗ ಶುಚಿಮಾಡಿ ಬಂದರು. ಅದೇ ರಸ್ತೆ, ಅದೇ ಟ್ರಕ್ಕು, ಅದೇ ಬಂದೂಕು! ನಿಯಮ ಮಾತ್ರ ಕ್ರೀಗಳದು. ಟ್ರಕ್ಕು ಕಂಡೊಡನೆ ಸಂಸ್ಕೃತಿ ಸತ್ತಿತು ಎಂದು ಬರೆಯುವ ಪಂಡಿತರು ಆ ಸಭೆಯ ಮೂಲೆಯಲ್ಲಿ ಕುಳಿತಿರಬೇಕಿತ್ತು.

ಗಡಿಯಾರ ನನ್ನನ್ನೇ ನೋಡುತ್ತಿದೆ. ಉಳಿದದ್ದನ್ನು ಬೇಗ ಮುಗಿಸುತ್ತೇನೆ.

ಹಣದ ವಿಷಯ. ಕೈಗೆ ಕಾಸು ಬಂದರೆ ಕಾಡು ಬಿಡುತ್ತಾರೆ ಎಂಬುದು ಎಲ್ಲರ ಎಣಿಕೆ. 1975ರ ಒಪ್ಪಂದದಲ್ಲಿ ಕ್ರೀಗಳು ಕೇಳಿ ಪಡೆದದ್ದು ಬೇಟೆಗಾರರ ಆದಾಯ ಭದ್ರತೆ. ವರ್ಷಕ್ಕೆ ಕನಿಷ್ಠ 120 ದಿನ ಬೇಟೆ ಮತ್ತು ಅದಕ್ಕೆ ಸೇರಿದ ಕೆಲಸದಲ್ಲಿ ತೊಡಗಿರುವ ಕುಟುಂಬಕ್ಕೆ, ಕಾಡಿನಲ್ಲಿ ಕಳೆದ ದಿನಗಳ ಲೆಕ್ಕ ಹಿಡಿದು ಹಣ ಸಿಗುತ್ತದೆ. ಕಾಡು ಬಿಡಿಸಬೇಕಾದ ಹಣ ಜನರನ್ನು ಕಾಡಿನಲ್ಲೇ ಉಳಿಸಿತು. ನಿಯಮ ಯಾರದು ಎಂದು ಮತ್ತೆ ಕೇಳಿಕೊಳ್ಳಿ.

ಮುಂದಿನ ಅಣೆಕಟ್ಟು ಯೋಜನೆ ಗ್ರೇಟ್ ವೇಲ್ ನದಿಯದು. 1990ರಲ್ಲಿ ಕ್ರೀಗಳೂ ಅವರ ಉತ್ತರದ ನೆರೆಯ ಮೂಲನಿವಾಸಿಗಳಾದ ಇನುಯಿಟ್ ಜನರೂ ತಾವೇ ಕಟ್ಟಿದ ದೋಣಿಯೊಡನೆ ನ್ಯೂಯಾರ್ಕ್‌ವರೆಗೆ ಹೋಗಿ, ನಮ್ಮ ನದಿಯ ವಿದ್ಯುತ್ ಕೊಳ್ಳಬೇಡಿ ಎಂದರು. 1992ರಲ್ಲಿ ನ್ಯೂಯಾರ್ಕ್ ಖರೀದಿ ಕೈಬಿಟ್ಟಿತು. 1994ರಲ್ಲಿ ಯೋಜನೆ ಮೂಲೆ ಸೇರಿತು. 2002ರಲ್ಲಿ ಮಾತ್ರ, 50 ವರ್ಷಗಳಲ್ಲಿ ಕ್ವಿಬೆಕ್ ಸರ್ಕಾರದಿಂದ 350 ಕೋಟಿ ಡಾಲರ್ ಪಡೆಯುವ ಹೊಸ ಒಪ್ಪಂದಕ್ಕೆ ಕ್ರೀ ನಾಯಕರು ಸಹಿ ಹಾಕಿದರು. ಅದರಿಂದ ಕ್ರೀ ನೆಲದ ಇನ್ನೊಂದು ನದಿ ರೂಪರ್ಟನ್ನು ವಿದ್ಯುತ್ತಿಗಾಗಿ ತಿರುಗಿಸಲು ದಾರಿಯಾಯಿತು. ಎಷ್ಟೋ ಕ್ರೀಗಳಿಗೆ ಅದು ನುಂಗಲಾರದ ತುತ್ತು. ಇದಕ್ಕೇ ಇನ್ನೊಂದು ಭಾಷಣ ಬೇಕು.

ಹೆಬ್ಬಾತುಗಳ ಮಾತನ್ನು ಬಿಟ್ಟು ಏಳಲು ಮನಸ್ಸಿಲ್ಲ. ವಸಂತದಲ್ಲಿ ಕೆನಡಾ ಹೆಬ್ಬಾತುಗಳು ದಕ್ಷಿಣದಿಂದ ಬರುವ ಹೊತ್ತಿಗೆ ಕ್ರೀ ಊರುಗಳ ಶಾಲೆಗಳಿಗೆ ರಜೆ. ಆ ಶಾಲೆಗಳನ್ನು ನಡೆಸುವುದು ಅವರದೇ ಶಿಕ್ಷಣ ಮಂಡಳಿ. ಸಂಬಳದ ಕೆಲಸದಲ್ಲಿರುವವರೂ ಮಕ್ಕಳನ್ನು ಕಟ್ಟಿಕೊಂಡು ಶಿಬಿರಕ್ಕೆ ಹೊರಡುತ್ತಾರೆ. ಮಂಜು ಕರಗುವ ಕಾಲವಾದ್ದರಿಂದ ಹೆಲಿಕಾಪ್ಟರಿನಲ್ಲಿ ಹೋಗುವವರೂ ಉಂಟು. ಕರಾವಳಿಯಲ್ಲಿ ಹೆಬ್ಬಾತು ಬೇಟೆಗೆ ಒಬ್ಬ ಯಜಮಾನನಿರುತ್ತಾನೆ. ಗಾಳಿಯಿಲ್ಲದ ದಿನ ಗುಂಡಿನ ಸದ್ದು ದೂರದವರೆಗೆ ಕೇಳಿ ಹಕ್ಕಿಗಳು ಬೆದರುತ್ತವೆ, ಆದ್ದರಿಂದ ಅಂದು ಬೇಟೆಯಿಲ್ಲ. ಕತ್ತಲಾದ ಮೇಲೂ ಇಲ್ಲ. ಹೆಲಿಕಾಪ್ಟರಿನಿಂದ ಇಳಿದವನೂ ಆ ಯಜಮಾನ ಹೇಳಿದ ಮೇಲೆಯೇ ಬಂದೂಕು ಎತ್ತಬೇಕು.

ನಮಸ್ಕಾರ.