ಹಾವಸೆ ಬರೆದಿಟ್ಟ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ಮಳೆಗಾಲದಲ್ಲಿ ಬಾವಿಕಟ್ಟೆಯ ಮೇಲೆ ಮಖಮಲ್ಲಿನ ಹಾಗೆ ಹಬ್ಬುವುದೂ ನಮಗೆ ಪಾಚಿ, ಕಾರವಾರದ ಕಡಲಬಂಡೆಗೆ ಅಂಟಿ ಅಲೆಯಲ್ಲಿ ಓಲಾಡುವುದೂ ಪಾಚಿ. ಶಾಲೆಯ ಪುಸ್ತಕ ಮೊದಲನೆಯದನ್ನು ಹಾವಸೆ ಎನ್ನುತ್ತದೆ, ಎರಡನೆಯದನ್ನು ಶೈವಲ. ಇವತ್ತು ನಾನು ಹಾವಸೆ, ಕಡಲಪಾಚಿ ಎಂದು ಬೇರೆಬೇರೆಯಾಗಿ ಕರೆಯುತ್ತೇನೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇವು ಬಲು ದೂರದವು. ಆದರೆ ಎರಡಕ್ಕೂ ನಿಜವಾದ ಬೇರಿಲ್ಲ. ಬೇಕಾದ್ದನ್ನೂ ಬೇಡವಾದ್ದನ್ನೂ ಮೈಯಿಂದಲೇ ಹೀರುತ್ತವೆ. ನನ್ನ ಇವತ್ತಿನ ಮಾತೆಲ್ಲ ಈ ಒಂದು ಗುಣದ ಸುತ್ತ, ಅದರಿಂದ ಗಾಳಿಯ, ಕಡಲಿನ ಮಾಲಿನ್ಯ ಪತ್ತೆಹಚ್ಚುವುದರ ಸುತ್ತ.

ಹಾವಸೆಯ ಎಲೆಯನ್ನು ಮಸೂರದಡಿ ಇಟ್ಟು ನೋಡಿ. ಹೆಚ್ಚಿನ ಜಾತಿಗಳಲ್ಲಿ ಆ ಎಲೆಯ ದಪ್ಪ ಒಂದೇ ಒಂದು ಜೀವಕೋಶ. ಮಾವಿನೆಲೆಗಿರುವಂಥ ಮೇಣದ ಹೊದಿಕೆ ಅದಕ್ಕಿಲ್ಲ. ಮಳೆ, ಮಂಜು, ಧೂಳು ಯಾವುದು ಬಿದ್ದರೂ ನೇರವಾಗಿ ಕೋಶಭಿತ್ತಿಗೆ ತಾಗುತ್ತದೆ. ಆ ಭಿತ್ತಿಯಲ್ಲಿ ಋಣ ವಿದ್ಯುದಂಶದ ತಾಣಗಳಿವೆ. ಧನ ವಿದ್ಯುದಂಶದ ಸೀಸ, ಕ್ಯಾಡ್ಮಿಯಂ, ತಾಮ್ರ ಅಲ್ಲಿಗೆ ಬಂದು ಅಂಟಿಕೊಳ್ಳುತ್ತವೆ. ನೆಲದಿಂದ ಹೀರುವುದು ಕಡಿಮೆಯಾದ್ದರಿಂದ ಅದರ ಮೈಯಲ್ಲಿ ಸಿಕ್ಕ ಲೋಹದ ಬಹುಪಾಲು ಗಾಳಿಯದ್ದೇ.

1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ವಿಜ್ಞಾನಿಗಳಾದ ಓಕೆ ರ್‍ಯೂಲಿಂಗ್ ಮತ್ತು ಯೆರ್ಮುಂಡ್ ಟೀಲರ್ ಇದನ್ನು ಅಳತೆಯ ವಿಧಾನವಾಗಿ ಬೆಳೆಸಿದರು. 1990ರಿಂದ ಯುರೋಪಿನ ಹಲವು ದೇಶಗಳು ಐದು ವರ್ಷಕ್ಕೊಮ್ಮೆ ಒಟ್ಟಾಗಿ ಹಾವಸೆಯ ಸಮೀಕ್ಷೆ ನಡೆಸುತ್ತಿವೆ. ಅಲ್ಲಿ ಬಳಸುವ ಹೈಲೋಕೋಮಿಯಂ ಎಂಬ ಜಾತಿ ನನಗೆ ಬಹಳ ಪ್ರಿಯ. ಅದು ವರ್ಷಕ್ಕೊಂದು ಮೆಟ್ಟಿಲು ಬೆಳೆಯುತ್ತದೆ. ಮೇಲಿನ ಮೂರು ಮೆಟ್ಟಿಲು ಕತ್ತರಿಸಿಕೊಂಡರೆ ಮೂರು ವರ್ಷದ ಗಾಳಿ ಕೈಯಲ್ಲಿದೆ ಎಂದೇ ಅರ್ಥ. 1990ರಿಂದ 2010ರವರೆಗೆ ಯುರೋಪಿನ ಹಾವಸೆಯಲ್ಲಿ ಸೀಸ ಸುಮಾರು ಶೇ. 77ರಷ್ಟು ಇಳಿಯಿತು. ಪೆಟ್ರೋಲಿನಿಂದ ಸೀಸ ತೆಗೆದದ್ದು ಅದಕ್ಕೆ ದೊಡ್ಡ ಕಾರಣ.

ಆದರೆ ಈ ವಿದ್ಯೆಯ ಬೆಲೆ ನನಗೆ ಮನದಟ್ಟಾದದ್ದು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಕಥೆಯಿಂದ. ಮಳೆಯ ಊರು, ಬೀದಿಮರಗಳ ಮೈತುಂಬ ಹಾವಸೆ. 2013ರ ಡಿಸೆಂಬರಿನಲ್ಲಿ ಅಲ್ಲಿನ ಅರಣ್ಯ ಇಲಾಖೆಯ ಸಂಶೋಧಕರಾದ ಸಾರಾ ಜೋವನ್, ಜೆಫ್ರಿ ಡೊನೊವನ್ ಮತ್ತು ಅವರ ಸಂಗಡಿಗರು ಊರೆಲ್ಲ ಸುತ್ತಿ 346 ಕಡೆಯ ಮರಗಳಿಂದ ಒಂದೇ ಜಾತಿಯ ಹಾವಸೆ ಕಿತ್ತು ತಂದರು. ಲೋಹಗಳ ನಕ್ಷೆ ಬರೆದಾಗ ಕ್ಯಾಡ್ಮಿಯಂ ಎರಡು ಕಡೆ ಎದ್ದು ಕಂಡಿತು. ಎರಡೂ ಕಡೆ ಬಣ್ಣದ ಗಾಜು ತಯಾರಿಸುವ ಕಾರ್ಖಾನೆಗಳಿದ್ದವು. ಗಾಜಿಗೆ ಹಳದಿ, ಕಿತ್ತಳೆ, ಕೆಂಪು ಬಣ್ಣ ಕೊಡಲು ಕ್ಯಾಡ್ಮಿಯಂ ಬೇಕು. ಕುಲುಮೆಯ ಹೊಗೆ ಸೋಸದೆ ಹೊರಗೆ ಹೋಗುತ್ತಿತ್ತು. ಒಂದು ಕಾರ್ಖಾನೆಯ ಹತ್ತಿರದಲ್ಲೇ ಮಕ್ಕಳ ಪಾಲನಾ ಕೇಂದ್ರವೂ ಇತ್ತು.

2015ರ ಅಕ್ಟೋಬರಿನಲ್ಲಿ ಅಲ್ಲಿನ ಪರಿಸರ ಇಲಾಖೆ ಆ ಜಾಗದಲ್ಲಿ ಗಾಳಿ ಅಳೆಯುವ ಯಂತ್ರ ಇಟ್ಟಿತು. ಕ್ಯಾಡ್ಮಿಯಂ ರಾಜ್ಯದ ಮಾನದಂಡದ 49 ಪಟ್ಟು ಇತ್ತು. ಆರ್ಸೆನಿಕ್ 159 ಪಟ್ಟು. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿತ್ತು, ಆ ಲೋಹಗಳ ಬಳಕೆ ನಿಂತಿತು. 2018ರಲ್ಲಿ ಕಾರ್ಖಾನೆಗಳ ವಿಷವಾಯುವಿಗೆ ಹೊಸ ನಿಯಮಗಳೇ ಬಂದವು. ಯಂತ್ರ ತಾನಿದ್ದಲ್ಲಿನ ಗಾಳಿಯನ್ನು ಮಾತ್ರ ಬಲ್ಲದು, ಅದರ ಬೆಲೆಯೋ ಲಕ್ಷಗಟ್ಟಲೆ. ಅದನ್ನು ಎಲ್ಲಿ ಇಡಬೇಕು ಎಂದು ತೋರಿಸಿದ್ದು ಮರದ ಮೇಲಿನ ಹಾವಸೆ. ಹಾಗಂತ ಉಸಿರಾಡುವ ಗಾಳಿಯಲ್ಲಿ ಇಷ್ಟು ಮೈಕ್ರೋಗ್ರಾಂ ಇದೆ ಎಂದು ಹಾವಸೆ ಹೇಳುವುದಿಲ್ಲ. ಅದಕ್ಕೆ ಯಂತ್ರವೇ ಆಗಬೇಕು. ಎರಡರ ಕೆಲಸವನ್ನು ಬೆರೆಸಬಾರದು.

ಇನ್ನು ಕಡಲಿಗೆ ಬರೋಣ. ಒಂದು ಬಾಟಲಿ ಸಮುದ್ರದ ನೀರು ಆ ಗಳಿಗೆಯ ಸಂಗತಿಯಷ್ಟನ್ನೇ ಹೇಳುತ್ತದೆ. ಉಬ್ಬರ ಬಂದರೆ ಒಂದು ಲೆಕ್ಕ, ಇಳಿತಕ್ಕೆ ಇನ್ನೊಂದು. ಬಂಡೆ ಬಿಟ್ಟು ಕದಲದ ಕಡಲಪಾಚಿ ತಿಂಗಳುಗಟ್ಟಲೆ ಅದೇ ನೀರಿನಲ್ಲಿ ನಿಂತಿರುತ್ತದೆ. ಕಂದು ಕಡಲಪಾಚಿಯ ಭಿತ್ತಿಯಲ್ಲಿ ಆಲ್ಜಿನೇಟ್ ಇದೆ, ಐಸ್‌ಕ್ರೀಮನ್ನು ಗಟ್ಟಿ ಮಾಡಲು ಬಳಸುತ್ತಾರಲ್ಲ, ಅದೇ. ನೀರಿನಲ್ಲಿ ಕರಗಿದ ಲೋಹವನ್ನು ಅದು ಬಿಗಿಯಾಗಿ ಹಿಡಿಯುತ್ತದೆ. ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ತಾಮ್ರ, ತವರದ ಹಳೆಯ ಗಣಿಗಳ ನೀರು ಅಳಿವೆಗಳಿಗೆ ಇಳಿಯುತ್ತದೆ. ಅಲ್ಲಿನ ಅಳಿವೆಗಳ ಫ್ಯೂಕಸ್ ಎಂಬ ಕಂದು ಪಾಚಿಯನ್ನು ಬ್ರಯನ್ ಮತ್ತು ಹಮ್ಮರ್‌ಸ್ಟೋನ್ ಎಂಬ ವಿಜ್ಞಾನಿಗಳು 1970ರ ದಶಕದ ಆರಂಭದಲ್ಲೇ ಅಳೆದರು. ತುದಿಯ ಎಳೆಯ ಭಾಗಕ್ಕೂ ಬುಡದ ಬಲಿತ ಭಾಗಕ್ಕೂ ಲೆಕ್ಕ ಬೇರೆ. ಆದ್ದರಿಂದ ಯಾವ ಭಾಗ ಕತ್ತರಿಸಿದಿರಿ ಎಂಬುದನ್ನು ಬರೆದಿಡದಿದ್ದರೆ ಅಳತೆಗೆ ಅರ್ಥವೇ ಇಲ್ಲ. ಪಕ್ಕದಲ್ಲೇ ಇರುವ ನೀಲಿಕಲ್ಲು ಎಂಬ ಚಿಪ್ಪಿನ ಜೀವಿ ಕೆಸರಿನ ಕಣಗಳಲ್ಲಿರುವ ಲೋಹವನ್ನೂ ನುಂಗುತ್ತದೆ. ಹಾಗಾಗಿ ಎರಡನ್ನೂ ಅಳೆದವರಿಗೆ ಲೋಹ ಕರಗಿ ಬಂತೋ ಕೆಸರಿನ ಜೊತೆ ಬಂತೋ ಎಂಬ ಸುಳಿವು ಸಿಗುತ್ತದೆ.

ನಮ್ಮ ಕರಾವಳಿಯ ಬಂಡೆಗಳ ಮೇಲೂ ಸಾರ್ಗಾಸಮ್, ಪಡೈನಾ, ಉಲ್ವಾ ಎಂಬ ಕಡಲಪಾಚಿಗಳಿವೆ. ಮುಂಗಾರಿನ ಅಬ್ಬರಕ್ಕೆ ಬಹುಪಾಲು ಕಿತ್ತುಹೋಗಿ ಮಳೆ ನಿಂತ ಮೇಲೆ ಮತ್ತೆ ಚಿಗುರುತ್ತವೆ. ಕಾರ್ನ್‌ವಾಲಿನ ಪದ್ಧತಿಯನ್ನು ಹಾಗೇ ಇಲ್ಲಿಗೆ ತರಲಾಗದು, ನಮ್ಮ ಋತುವಿಗೆ ತಕ್ಕಂತೆ ಹೊಂದಿಸಿಕೊಳ್ಳಬೇಕು.

ಬಯಲುಸೀಮೆಯಲ್ಲಿ ಹಾವಸೆಯೇ ವಿರಳ, ಅಲ್ಲೇನು ಮಾಡುವುದು ಎಂದು ಕೇಳಬಹುದು. ಅದಕ್ಕೆ ಹಾವಸೆ ಚೀಲ ಇದೆ. 1970ರ ದಶಕದ ಆರಂಭದಿಂದಲೇ ಬಳಕೆಯಲ್ಲಿರುವ ಉಪಾಯ. ಶುದ್ಧ ಕಾಡಿನ ಹಾವಸೆಯನ್ನು ತೊಳೆದು, ನೈಲಾನ್ ಬಲೆಯ ಚೀಲದಲ್ಲಿ ತುಂಬಿ, ಕಾರ್ಖಾನೆಯ ಸುತ್ತ ಬೇರೆಬೇರೆ ದೂರದಲ್ಲಿ ಕೆಲವು ವಾರ ತೂಗುಹಾಕುತ್ತಾರೆ. ಅದೇ ಹಾವಸೆಯ ಒಂದಿಷ್ಟು ಭಾಗವನ್ನು ತೂಗುಹಾಕದೆ ಹೋಲಿಕೆಗೆಂದು ತೆಗೆದಿಡುತ್ತಾರೆ. ನಮ್ಮ ಕೈಗಾರಿಕಾ ಪ್ರದೇಶಗಳ ಸುತ್ತ ಕಾಲೇಜಿನ ಮಕ್ಕಳೇ ಇದನ್ನು ಮಾಡಬಹುದು, ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಲೋಹ ಅಳೆಯುವ ಉಪಕರಣ ಮಾತ್ರ ದೊಡ್ಡ ಪ್ರಯೋಗಾಲಯದ್ದೇ ಬೇಕು.

ಕೀಳುವಾಗ ಎಚ್ಚರ ಇರಲಿ. ಪುಡಿ ಹಚ್ಚಿದ ಕೈಗವಸು ಬೇಡ, ಕೆಲಸದ ಮಧ್ಯೆ ಬೀಡಿ ಸಿಗರೇಟು ಬೇಡವೇ ಬೇಡ. ಸತುವಿನ ತಗಡಿನ ಮಾಡಿನಿಂದ ನೀರು ತೊಟ್ಟಿಕ್ಕುವ ಗೋಡೆಯಿಂದ ತೆಗೆದರೆ ನೀವು ಅಳೆಯುವುದು ತಗಡನ್ನು, ಗಾಳಿಯನ್ನಲ್ಲ. ಊರಿನ ಹಿನ್ನೆಲೆಯ ಗಾಳಿ ಬೇಕಿದ್ದರೆ ಹೆದ್ದಾರಿಯಿಂದ 300 ಮೀಟರ್ ಆಚೆ ಹೋಗಿ ಎನ್ನುತ್ತದೆ ಯುರೋಪಿನ ಕೈಪಿಡಿ.

ಈ ಮೇಜಿನ ಮೇಲೆ ಎರಡು ತಟ್ಟೆ ಇಟ್ಟಿದ್ದೇನೆ. ಒಂದರಲ್ಲಿ ಬೇಸಿಗೆಯಿಂದ ಒಣಗಿ ಮುರುಟಿರುವ ಹಾವಸೆ, ಇನ್ನೊಂದರಲ್ಲಿ ಅದೇ ಗೋಡೆಯದ್ದು, ಅರ್ಧ ಗಂಟೆಯ ಹಿಂದೆ ನೀರು ಚಿಮುಕಿಸಿದ್ದು. ಪಕ್ಕದಲ್ಲಿ ಮಸೂರ ಇದೆ. ಒಬ್ಬೊಬ್ಬರಾಗಿ ಬಂದು ನೋಡಿ, ಆಮೇಲೆ ಪ್ರಶ್ನೆಗಳಿಗೆ ಕೂರೋಣ.