ಒಂದು ಎಳೆ ನೂಲಿಗೆ ಹತ್ತು ಸೂ

ಕೇಳುಗರಿಗೆ ನಮಸ್ಕಾರ.

1846ರ ಫೆಬ್ರವರಿ 22. ಪ್ಯಾರಿಸ್ಸಿನಲ್ಲಿ ನಡುಹಗಲ ಬಿಸಿಲು, ಆದರೂ ಕೊರೆಯುವ ಚಳಿ. ಫ್ರೆಂಚ್ ಸಾಹಿತಿ ವಿಕ್ಟರ್ ಹ್ಯೂಗೋ ಸಂಸತ್ತಿನ ಮೇಲ್ಮನೆಗೆ ಹೊರಟಿದ್ದ. ದಾರಿಯಲ್ಲಿ, ತುರ್ನೋನ್ ಬೀದಿಯಲ್ಲಿ, ಇಬ್ಬರು ಸೈನಿಕರು ಒಬ್ಬ ಬಡಕಲು ಮನುಷ್ಯನನ್ನು ಹಿಡಿದು ತರುತ್ತಿದ್ದರು. ಒಂದು ಬ್ರೆಡ್ ಕದ್ದಿದ್ದನಂತೆ. ಕಾಲಿಗೆ ಮರದ ಪಾದುಕೆ. ಕಾಲುಚೀಲ ಇಲ್ಲದ್ದಕ್ಕೆ ಚಿಂದಿ ಸುತ್ತಿಕೊಂಡಿದ್ದ, ಚಿಂದಿಯ ತುಂಬ ರಕ್ತ. ಅಲ್ಲೇ ಒಂದು ಸಾರೋಟು ನಿಂತಿತ್ತು. ಒಳಗೆ ಸಿರಿವಂತರ ಮನೆಯ ಹೆಣ್ಣುಮಗಳು, ಜೊತೆಗೊಂದು ಪುಟ್ಟ ಕೂಸು. ಅವನು ಅವಳನ್ನೇ ನೋಡುತ್ತಿದ್ದ. ಅವಳಿಗೆ ಅವನು ಕಾಣಲೇ ಇಲ್ಲ. ಹ್ಯೂಗೋ ಇದನ್ನು ಬರೆದಿಟ್ಟುಕೊಂಡ.

ಅಷ್ಟರಲ್ಲಾಗಲೇ ಅವನ ಮೇಜಿನ ಮೇಲೆ ಒಂದು ಕಾದಂಬರಿ ಶುರುವಾಗಿತ್ತು. 1848ರ ಕ್ರಾಂತಿಯಲ್ಲಿ ಅದು ನಿಂತುಹೋಯಿತು. ಆಮೇಲೆ ದೇಶಭ್ರಷ್ಟನಾಗಿ ಗರ್ನ್ಸಿ ದ್ವೀಪದಲ್ಲಿದ್ದಾಗ ಮತ್ತೆ ಕೈಗೆತ್ತಿಕೊಂಡ. 1862ರಲ್ಲಿ ಹೊರಬಂತು: 'ಲೆ ಮಿಸೆರಾಬ್ಲ್'.

ನಾನು ಇದನ್ನು ಮೊದಲು ಓದಿದ್ದು ಹೈಸ್ಕೂಲಿನಲ್ಲಿ, ಸಣ್ಣದೊಂದು ಸಂಗ್ರಹ ರೂಪದಲ್ಲಿ. ಕಳ್ಳ, ಕರುಣಾಳು ಬಿಷಪ್, ಬೆನ್ನುಬಿಡದ ಪೊಲೀಸಿನವನು. ಅಷ್ಟೇ ನೆನಪಿತ್ತು. ಎಷ್ಟೋ ವರ್ಷಗಳ ಮೇಲೆ ಪೂರ್ತಿ ಪುಸ್ತಕ ಹಿಡಿದಾಗ ಬೇರೆಯದೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಈ ಪುಸ್ತಕದ ತುಂಬ ಲೆಕ್ಕ. ಪುಡಿಗಾಸಿನ ಲೆಕ್ಕ. ಇವತ್ತು ಆ ಲೆಕ್ಕದ ಬಗ್ಗೆಯೇ ಮಾತಾಡುತ್ತೇನೆ. ಇಪ್ಪತ್ತು ಸೂ ಸೇರಿದರೆ ಒಂದು ಫ್ರಾಂಕ್. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಜಾನ್ ವಾಲ್ಜಾನ್ ಮರ ಸವರುವ ಕೂಲಿಯವನು. ಅಕ್ಕ ವಿಧವೆ, ಅವಳಿಗೆ ಏಳು ಮಕ್ಕಳು. 1795ರ ಚಳಿಗಾಲದಲ್ಲಿ ಕೆಲಸವಿಲ್ಲ, ಮನೆಯಲ್ಲಿ ತಿನ್ನಲಿಕ್ಕಿಲ್ಲ. ಅಂಗಡಿಯ ಗಾಜು ಒಡೆದು ಒಂದು ಬ್ರೆಡ್ ಎತ್ತಿಕೊಂಡ. ಐದು ವರ್ಷ ಶಿಕ್ಷೆ. ನಾಲ್ಕು ಸಲ ತಪ್ಪಿಸಿಕೊಳ್ಳಲು ಹೋದ, ಪ್ರತಿ ಸಲವೂ ಶಿಕ್ಷೆ ಬೆಳೆಯಿತು. ತೂಲೋನಿನ ಸೆರೆಯಿಂದ ಹೊರಬರುವಾಗ 1815, ಒಟ್ಟು ಹತ್ತೊಂಬತ್ತು ವರ್ಷ. ಆ ಏಳು ಮಕ್ಕಳು ಏನಾದರು? ಕಾದಂಬರಿಯಲ್ಲಿ ಅವರು ಮತ್ತೆ ಬರುವುದಿಲ್ಲ. ಬ್ರೆಡ್ಡಿನ ಲೆಕ್ಕ ಬರೆದುಕೊಂಡ ಕೋರ್ಟು ಮಕ್ಕಳ ಲೆಕ್ಕ ಇಡಲಿಲ್ಲ.

ಹತ್ತೊಂಬತ್ತು ವರ್ಷದ ದುಡಿಮೆಗೆ ತನಗೆ 171 ಫ್ರಾಂಕ್ ಬರಬೇಕೆಂದು ಅವನು ಬೆರಳೆಣಿಸಿಕೊಂಡಿದ್ದ. ಭಾನುವಾರ, ಹಬ್ಬದ ರಜೆ ಎಂದು ಒಂದಷ್ಟು ಮುರಿದುಕೊಂಡರು. ಅದೂ ಇದೂ ಎಂದು ಇನ್ನೊಂದಷ್ಟು ಮುರಿದುಕೊಂಡರು. ಕೈಗೆ ಬಂದದ್ದು 109 ಫ್ರಾಂಕ್, 15 ಸೂ. ತನ್ನನ್ನು ದೋಚಿದರು ಎಂದೇ ಅವನಿಗೆ ಅನಿಸಿತು. ದಾರಿಯಲ್ಲಿ ಒಂದೂರಿನಲ್ಲಿ ಮೂಟೆ ಇಳಿಸುವ ಕೂಲಿಗೆ ನಿಂತ. ಸೆರೆಯಿಂದ ಬಂದವನೆಂಬ ಹಳದಿ ಪತ್ರ ಬಯಲಾದ ಮೇಲೆ ಮಾಲೀಕ ಉಳಿದವರಿಗಿಂತ ಕಡಿಮೆ ಕೊಟ್ಟ. ಯಾಕೆ ಅಂದದ್ದಕ್ಕೆ, ನಿನಗೆ ಇಷ್ಟೇ ಸಾಕು ಅಂದ.

ದೀನ್ಯ ಊರಿನ ಬಿಷಪ್ ಮಿರಿಯೆಲ್ ಅವರ ಮನೆಯ ಕಥೆ ನಿಮಗೆಲ್ಲ ಗೊತ್ತು. ಉಂಡ ಮನೆಯ ಬೆಳ್ಳಿಯನ್ನೇ ಕದ್ದು ಓಡಿದ, ಪೊಲೀಸರು ಹಿಡಿದು ತಂದರು. ಬಿಷಪ್ಪರು, ಅಯ್ಯೋ, ಮೇಣದಬತ್ತಿಯ ಬೆಳ್ಳಿ ಕಂಬಗಳನ್ನೂ ಕೊಟ್ಟಿದ್ದೆನಲ್ಲ, ಅವನ್ನೇಕೆ ಬಿಟ್ಟುಹೋದೆ ಅಂದರು. ಅಲ್ಲಿ ಅವರು ಇನ್ನೂ ಒಂದು ಮಾತು ಆಡುತ್ತಾರೆ: ಅವಕ್ಕೆ ಇನ್ನೂರು ಫ್ರಾಂಕ್ ಬಂದೀತು. ದೇವರ ಮಾತು ಆಮೇಲೆ ಬರುತ್ತದೆ, ಮೊದಲು ಬೆಲೆ. ಹತ್ತೊಂಬತ್ತು ವರ್ಷ ಕಲ್ಲು ಹೊತ್ತವನಿಗೆ ಸರಕಾರ ಕೊಟ್ಟದ್ದು 109. ಒಂದು ರಾತ್ರಿ ಮಲಗಿ ಕದ್ದವನಿಗೆ ಈ ಮುದುಕರು ಕೊಡುತ್ತಿರುವುದು 200. ವಾಲ್ಜಾನ್ ಆ ಕಂಬಗಳನ್ನು ಕೊನೆಯತನಕ ಮಾರಲಿಲ್ಲ. ಸಾಯುವಾಗ ಅವನ ಕೋಣೆಯಲ್ಲಿ ಉರಿಯುತ್ತಿದ್ದದ್ದು ಅವೇ.

ನನ್ನನ್ನು ಹೆಚ್ಚು ಕಾಡುವವಳು ಫಾಂಟೀನ್. ಮದುವೆಯಿಲ್ಲದೆ ತಾಯಾದವಳು. ಮಗು ಕೊಸೆಟ್ಟನ್ನು ದೂರದ ಒಂದು ಛತ್ರದವರ ಬಳಿ ಬಿಟ್ಟು, ವಾಲ್ಜಾನ್ ಹೆಸರು ಬದಲಿಸಿಕೊಂಡು ಕಟ್ಟಿದ ಕಾರ್ಖಾನೆಯಲ್ಲಿ ದುಡಿಯುತ್ತಾಳೆ. ಅವನು ಊರಿಗೆಲ್ಲ ಒಳ್ಳೆಯವನು, ಮೇಯರ್ ಬೇರೆ. ಆದರೆ ಮಗುವಿನ ವಿಷಯ ತಿಳಿದ ಮೇಲ್ವಿಚಾರಕಿ, ನಡತೆ ಸರಿಯಿಲ್ಲವೆಂದು ಮೇಯರ್ ಹೆಸರಿನಲ್ಲೇ ಇವಳನ್ನು ಹೊರಹಾಕುತ್ತಾಳೆ. ಅವನಿಗೆ ಸುದ್ದಿಯೇ ಇಲ್ಲ. ದಯೆ ಪಡೆದವನ ಮನೆ ಬಾಗಿಲಲ್ಲೇ ನಡೆದ ಅನ್ಯಾಯ ಇದು. ಹ್ಯೂಗೋ ತನ್ನ ನಾಯಕನಿಗೂ ವಿನಾಯಿತಿ ಕೊಡಲಿಲ್ಲ.

ಮುಂದೆ ಅವಳು ಹೊಲಿಗೆ ಹಿಡಿಯುತ್ತಾಳೆ. ಕೂದಲು ಮಾರಿ ಹತ್ತು ಫ್ರಾಂಕಿಗೆ ಮಗುವಿಗೊಂದು ಉಣ್ಣೆಯ ಲಂಗ ಕೊಂಡು ಕಳಿಸುತ್ತಾಳೆ. ಛತ್ರದವರಿಗೆ ಬೇಕಿದ್ದದ್ದು ದುಡ್ಡು. ಲಂಗವನ್ನು ತಮ್ಮ ಮಗಳಿಗೆ ತೊಡಿಸಿದರು. ಮಗುವಿಗೆ ಜ್ವರ ಎಂದು ಸುಳ್ಳು ಕಾಗದ ಬರೆದರು. ಅವಳು ಮುಂದಿನ ಎರಡು ಹಲ್ಲು ಕೀಳಿಸಿಕೊಂಡು ನಲವತ್ತು ಫ್ರಾಂಕ್ ಕಳಿಸಿದಳು. ಇದು ಎಲ್ಲರಿಗೂ ನೆನಪಿರುವ ಭಾಗ. ಅದರ ಹಿಂದೆಯೇ ಬರುವ ಒಂದು ಸಾಲನ್ನು ಸಂಗ್ರಹ ಮಾಡುವವರು ಬಿಟ್ಟುಬಿಡುತ್ತಾರೆ. ಜೈಲಿನ ಕೆಲಸ ಹಿಡಿದ ಒಬ್ಬ ಗುತ್ತಿಗೆದಾರ, ಕೈದಿ ಹೆಂಗಸರಿಂದ ಅಗ್ಗಕ್ಕೆ ಹೊಲಿಸಿ, ಇದ್ದಕ್ಕಿದ್ದಂತೆ ದರ ಇಳಿಸಿದ. ಹೊರಗೆ ಹೊಲಿಯುವವರ ಕೂಲಿ ಒಂಬತ್ತು ಸೂಗೆ ಬಿತ್ತು. ಹದಿನೇಳು ತಾಸು ಸೂಜಿ ಹಿಡಿದರೆ ಒಂಬತ್ತು ಸೂ. ಫಾಂಟೀನ್ ಬೀದಿಗೆ ಇಳಿದದ್ದು ಇದಾದ ಮೇಲೆ. ಅವಳು ಯಾಕೆ ಕೆಟ್ಟಳು ಎಂದು ಕೇಳುವವರಿಗೆ ಹ್ಯೂಗೋ ದರಪಟ್ಟಿ ತೋರಿಸುತ್ತಾನೆ.

ಪೊಲೀಸ್ ಇನ್‌ಸ್ಪೆಕ್ಟರ್ ಜಾವೇರ್ ಅವಳನ್ನು ಹಿಡಿದು ಆರು ತಿಂಗಳ ಸೆರೆ ಎಂದಾಗ ಅವಳು ಗೋಗರೆಯುವುದು ಮಾನದ ಮಾತಲ್ಲ. ಅಯ್ಯಾ, ಜೈಲಿನಲ್ಲಿ ದಿನಕ್ಕೆ ಏಳೇ ಸೂ ಸಿಗುವುದು, ನನಗೆ ನೂರು ಫ್ರಾಂಕ್ ತೀರಿಸಬೇಕು, ಇಲ್ಲದಿದ್ದರೆ ಮಗುವನ್ನು ಹೊರಗೆ ಹಾಕುತ್ತಾರೆ. ಜಾವೇರ್ ಕೇಳಿಸಿಕೊಂಡ. ಕದಲಲಿಲ್ಲ.

ಜಾವೇರನನ್ನು ಖಳ ಎನ್ನಲು ನನಗೆ ಮನಸ್ಸಿಲ್ಲ. ಜೈಲಿನಲ್ಲೇ ಹುಟ್ಟಿದವನು, ಕಣಿ ಹೇಳುವ ತಾಯಿ, ಸೆರೆಯಲ್ಲಿದ್ದ ತಂದೆ. ಲಂಚ ಮುಟ್ಟಿದವನಲ್ಲ, ತನಗೂ ರಿಯಾಯಿತಿ ಕೇಳಿದವನಲ್ಲ. ಕಾನೂನೇ ಅವನ ಕಾಲ ಕೆಳಗಿನ ನೆಲ. 1832ರ ಜೂನ್ ದಂಗೆಯಲ್ಲಿ ಬಂಡುಕೋರರ ಕೈಗೆ ಸಿಕ್ಕ ಅವನನ್ನು ಕೊಲ್ಲುವ ಅವಕಾಶ ವಾಲ್ಜಾನನಿಗೆ ಬಂತು. ವಾಲ್ಜಾನ್ ಕಟ್ಟು ಬಿಚ್ಚಿ ಕಳಿಸಿದ. ಅದೇ ದಿನ ರಾತ್ರಿ ವಾಲ್ಜಾನ್ ಇವನ ಕೈಗೆ ಸಿಕ್ಕ. ಇವನೂ ಬಿಟ್ಟುಬಿಟ್ಟ. ಆಮೇಲೆ ಆ ನೆಲ ಉಳಿಯಲಿಲ್ಲ.

ಸೇನ್ ನದಿಗೆ ಹಾರುವ ಮುಂಚೆ ಅವನು ಶಾತ್ಲೇ ಚೌಕದ ಠಾಣೆಗೆ ಹೋಗಿ ಮೇಣದಬತ್ತಿಯ ಬೆಳಕಿನಲ್ಲಿ ಕಾಗದ ತೆಗೆದುಕೊಂಡು ಬರೆಯುತ್ತಾನೆ. ನಾನು ಹೈಸ್ಕೂಲಿನಲ್ಲಿ ಓದಿದ ಪುಸ್ತಕದಲ್ಲಿ ಈ ಪುಟ ಇರಲಿಲ್ಲ. ಅದು ಕ್ಷಮೆಯ ಪತ್ರವಲ್ಲ, ತನ್ನ ಸಂಕಟದ ಒಂದು ಅಕ್ಷರವೂ ಅದರಲ್ಲಿಲ್ಲ. ಇಲಾಖೆಯ ಒಳಿತಿಗಾಗಿ ಕೆಲವು ಸೂಚನೆಗಳು, ನಂಬರು ಹಾಕಿದ ಹತ್ತು ಅಂಶ. ವಿಚಾರಣೆಯಿಂದ ಬಂದ ಕೈದಿಗಳನ್ನು ಝಡ್ತಿ ಮಾಡುವಾಗ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಿಲ್ಲಿಸುತ್ತಾರೆ, ಎಷ್ಟೋ ಜನ ಕೆಮ್ಮುತ್ತ ಮರಳುತ್ತಾರೆ, ಆಸ್ಪತ್ರೆಯ ಖರ್ಚು ಬೀಳುತ್ತದೆ. ಒಂದು ಜೈಲಿನಲ್ಲಿ ಕೈದಿ ದುಡ್ಡು ಕೊಡುತ್ತೇನೆಂದರೂ ಕುರ್ಚಿ ಕೊಡುವುದಿಲ್ಲ, ಯಾಕೆಂದು ತಿಳಿಯದು. ನೋಡಲು ಬಂದವರಿದ್ದಾರೆ ಎಂದು ಕೂಗುವವರು, ಹೆಸರನ್ನು ಸ್ಪಷ್ಟವಾಗಿ ಕೂಗಲಿಕ್ಕೆ ಎರಡು ಸೂ ಕೇಳುತ್ತಾರೆ, ಇದು ಕಳ್ಳತನ. ಏಳನೆಯದು: ನೇಯ್ಗೆಯ ಕೋಣೆಯಲ್ಲಿ ಒಂದು ಎಳೆ ಜೋತುಬಿದ್ದರೆ ಕೈದಿಗೆ ಹತ್ತು ಸೂ ಮುರಿಯುತ್ತಾರೆ, ಬಟ್ಟೆಗೆ ಅದರಿಂದ ಕುಂದೇನೂ ಇಲ್ಲ, ಇದು ಗುತ್ತಿಗೆದಾರನ ಅನ್ಯಾಯ.

ಗುತ್ತಿಗೆದಾರ. ಏಳು ಸೂ ಎಂದು ಫಾಂಟೀನ್ ಕೈಮುಗಿದು ಒಂಬತ್ತು ವರ್ಷವಾಗಿತ್ತು. ಆ ಮಾತು ಜಾವೇರನ ಕಿವಿಯಲ್ಲಿ ಉಳಿದಿತ್ತೆಂದು ಹ್ಯೂಗೋ ಎಲ್ಲೂ ಹೇಳುವುದಿಲ್ಲ. ಉಳಿದಿತ್ತೆಂದು ನಾನು ನಂಬಿದ್ದೇನೆ.

ಬರೆದು ಮುಗಿಸಿ ತಾರೀಖು ಹಾಕುತ್ತಾನೆ, 1832ರ ಜೂನ್ 7, ರಾತ್ರಿ ಸುಮಾರು ಒಂದು ಗಂಟೆ. ಸಹಿ ಮಾಡಿ, ಮಡಿಸಿ, ಮೊಹರು ಒತ್ತಿ, ಮೇಲೆ ಆಡಳಿತಕ್ಕೆ ಟಿಪ್ಪಣಿ ಎಂದು ಬರೆದು ಮೇಜಿನ ಮೇಲಿಟ್ಟು ಹೊರಗೆ ನಡೆಯುತ್ತಾನೆ.

ಮುಂದೆ ಕಾದಂಬರಿಯಲ್ಲೇ ಒಂದು ಪತ್ರಿಕೆಯ ಸುದ್ದಿ ಬರುತ್ತದೆ. ಜಾವೇರ್ ಎಂಬ ಇನ್‌ಸ್ಪೆಕ್ಟರನ ಹೆಣ ಬಟ್ಟೆ ಒಗೆಯುವವರ ದೋಣಿಯಡಿ ಸಿಕ್ಕಿದೆ, ಮೇಲಧಿಕಾರಿಗಳಿಗೆ ಅವನ ಮೇಲೆ ತುಂಬ ಗೌರವವಿತ್ತು, ಅವನು ಬಿಟ್ಟುಹೋದ ಬರಹವನ್ನು ನೋಡಿದರೆ ತಲೆ ಕೆಟ್ಟಿತ್ತೆಂದು ಕಾಣುತ್ತದೆ.

ನಮಸ್ಕಾರ.