ಲೆಕ್ಕಕ್ಕುಂಟು, ಆಟಕ್ಕಿಲ್ಲ: 1914ರ ಬ್ರಿಟಿಷ್ ಮೀಸಲು ನೌಕಾಪಡೆ

ಮೊದಲನೇ ಮಹಾಯುದ್ಧದ ಹೊಸ್ತಿಲಲ್ಲಿ ಬ್ರಿಟಿಷ್ ನೌಕಾಪಡೆಗೆ ಅದೃಷ್ಟ ಖುಲಾಯಿಸಿತ್ತು ಅಂತಾರೆ. ಖರ್ಚು ಉಳಿಸೋಕೆ ಆ ವರ್ಷದ ಬೇಸಿಗೆ ಸಮರಾಭ್ಯಾಸ ಕೈಬಿಟ್ಟು, ಬದಲಿಗೆ ಮೀಸಲು ಹಡಗುಗಳನ್ನೆಲ್ಲ ಪರೀಕ್ಷೆಗೆ ಸಜ್ಜುಗೊಳಿಸಿದ್ರು. ಜುಲೈ 15ರಿಂದ ಸುಮಾರು 20,000 ಮೀಸಲು ನಾವಿಕರು ಡಿಪೋಗಳಿಗೆ ಬಂದರು. ಜುಲೈ 26ಕ್ಕೆ ನೌಕಾಪಡೆಯ ಮುಖ್ಯಸ್ಥ ಪ್ರಿನ್ಸ್ ಲೂಯಿ ಆಫ್ ಬ್ಯಾಟನ್‌ಬರ್ಗ್ 'ಚದುರಬೇಡಿ' ಅಂತ ಆದೇಶ ಕೊಟ್ಟರು. ಯುದ್ಧಕ್ಕೆ ಪಡೆ ತಯಾರಾಗೇ ಇತ್ತು, ಅನ್ನೋದು ಕಥೆ.

ಈ ಕಥೆ ಅರ್ಧ ಮಾತ್ರ ನಿಜ. ಆ ಆದೇಶ ಬರೋ ಹೊತ್ತಿಗೆ, ತೀರ ಹಳೇ ಮೀಸಲು ಹಡಗುಗಳ ಪಡೆಯಾದ ಮೂರನೇ ಫ್ಲೀಟ್‌ನ ಮೀಸಲು ನಾವಿಕರಲ್ಲಿ ಹೆಚ್ಚಿನವರು ಸಂಬಳ ತಗೊಂಡು ಮನೆಗೆ ಹೋಗಿಬಿಟ್ಟಿದ್ರು. ಆಗಸ್ಟ್ ಮೊದಲಲ್ಲಿ ಅವರನ್ನ ಮತ್ತೆ ಕರೆಸಬೇಕಾಯ್ತು.

ವ್ಯವಸ್ಥೆ ಹೀಗಿತ್ತು. 1904ರ ನಂತರ ಅಡ್ಮಿರಲ್ ಜಾಕಿ ಫಿಶರ್, ಮೀಸಲು ಹಡಗುಗಳಲ್ಲಿ ಐದರಲ್ಲಿ ಎರಡು ಪಾಲು ಸಿಬ್ಬಂದಿ ಖಾಯಂ ಇರಲಿ ಅಂತ ಮಾಡಿದ್ರು. ಫಿರಂಗಿ, ಟಾರ್ಪೆಡೊ, ಎಂಜಿನ್ ಬಲ್ಲವರು ಹಡಗಲ್ಲೇ ಇರಬೇಕು, ಕೈಯಾಳುಗಳು ಆಮೇಲೆ ಬಂದು ಸೇರಿದ್ರೆ ಸಾಕು. ತುಂಬ ಜಾಣ ಏರ್ಪಾಡು ಇದು. ಯಾಕಂದ್ರೆ ಹಡಗು ನಿಂತಲ್ಲೇ ಹಾಳಾಗುತ್ತೆ. ಉಗಿಯನ್ನ ಸಮುದ್ರದ ನೀರಿಂದ ತಣಿಸೋ ಕಂಡೆನ್ಸರ್ ಕೊಳವೆ ಸೋರಿದ್ರೆ ಉಪ್ಪುನೀರು ಬಾಯ್ಲರ್‌ಗೆ ಸೇರುತ್ತೆ, ಅಲ್ಲಿಂದ ತುಕ್ಕು. ಯಾವ ಕವಾಟ ಬಿಗಿ, ಯಾವ ಪಂಪು ಸಡಿಲ ಅನ್ನೋದು ಆ ಹಡಗಲ್ಲೇ ದಿನಾ ಇರೋವನಿಗೆ ಗೊತ್ತು. ಆದ್ರೆ ಮೂರನೇ ಫ್ಲೀಟ್‌ನ ಹಳೇ ಹಡಗುಗಳಿಗೆ ಈ ಭಾಗ್ಯ ಇರಲಿಲ್ಲ. ಕಾವಲು, ದುರಸ್ತಿಗೆ ನಾಲ್ಕು ಜನ ಇದ್ರೆ ಅದೇ ಹೆಚ್ಚು.

ಕ್ರೆಸ್ಸಿ ವರ್ಗದ ಕ್ರೂಸರ್‌ಗಳನ್ನೇ ನೋಡಿ. 12,000 ಟನ್, 30 ಬೆಲ್‌ವಿಲ್ ಬಾಯ್ಲರ್, ಕಟ್ಟಿದಾಗ 21 ನಾಟ್ (ಗಂಟೆಗೆ ಸುಮಾರು 39 ಕಿ.ಮೀ.) ವೇಗ. 1914ರಲ್ಲಿ 15 ದಾಟಿದ್ರೆ ದೊಡ್ಡದು. ಕೆಳ ಅಂತಸ್ತಿನ 6 ಇಂಚಿನ ಫಿರಂಗಿಗಳು ಸಮುದ್ರ ಏರಿದಾಗ ಕೆಲಸಕ್ಕೆ ಬರ್ತಿರಲಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ದೋಷ ಒಡಲಿನದು: ಹಡಗಿನ ಎರಡೂ ಪಕ್ಕೆಗಳಲ್ಲಿ ಉದ್ದಕ್ಕೂ ಕಲ್ಲಿದ್ದಲ ಕೋಠಿಗಳು. ಒಂದು ಪಕ್ಕ ನೀರು ತುಂಬಿತೋ, ಹಡಗು ಆ ಕಡೆಗೇ ವಾಲಿ ಮಗುಚಿಕೊಳ್ಳುತ್ತೆ.

ಇಂಥವನ್ನ ಡಚ್ ಕರಾವಳಿಯ ಮುಂದೆ ಗಸ್ತಿಗೆ ಹಾಕಿದ್ರು. ಸಿಬ್ಬಂದಿಯಲ್ಲಿ ಬಹುಪಾಲು ಹೆಂಡತಿ ಮಕ್ಕಳಿದ್ದ ಮೀಸಲು ನಾವಿಕರು, ಜೊತೆಗೆ ಡಾರ್ಟ್‌ಮತ್ ನೌಕಾ ಶಾಲೆಯಿಂದ ಬಂದ 15ರ ಆಸುಪಾಸಿನ ಹುಡುಗರು. ಸೆಪ್ಟೆಂಬರ್ 18ಕ್ಕೆ ಆಗಿನ ನೌಕಾ ಮಂತ್ರಿ ಚರ್ಚಿಲ್, ಈ ಹಡಗುಗಳು ಅಲ್ಲಿರಬಾರದು, ಅವುಗಳಿಂದಾಗೋ ಕೆಲಸಕ್ಕೆ ಇಷ್ಟು ಅಪಾಯ ತಕ್ಕುದಲ್ಲ ಅಂತ ಬರೆದ್ರು. ಹಡಗುಗಳು ಅಲ್ಲೇ ಉಳಿದ್ವು. ಬಿರುಗಾಳಿಗೆ ಕಾವಲಿನ ಡೆಸ್ಟ್ರಾಯರ್‌ಗಳೂ ಬಂದರಿಗೆ ಮರಳಿದ್ವು.

22ರ ಬೆಳಗ್ಗೆ, ಗಾಳಿ ತಗ್ಗಿದ ಮೇಲೆ, ಅಬೂಕಿರ್, ಹೋಗ್, ಕ್ರೆಸ್ಸಿ ಅನ್ನೋ ಮೂರು ಕ್ರೂಸರ್‌ಗಳು ಸುಮಾರು 10 ನಾಟ್ ವೇಗದಲ್ಲಿ, ಅಂಕುಡೊಂಕಾಗಿ ಹೋಗದೆ, ನೆಟ್ಟಗೆ ಸಾಗ್ತಿದ್ವು. 500 ಟನ್ನೂ ತೂಗದ ಜರ್ಮನಿಯ ಯು-9 ಜಲಾಂತರ್ಗಾಮಿ ಅಬೂಕಿರ್‌ಗೆ ಟಾರ್ಪೆಡೊ ಹೊಡೀತು. ನೀರಲ್ಲಿ ಹುದುಗಿಸಿಟ್ಟ ಸಿಡಿಗುಂಡು (ಮೈನ್) ತಗುಲಿದೆ ಅಂತ ತಪ್ಪು ತಿಳಿದ ಕ್ಯಾಪ್ಟನ್ ಉಳಿದ ಎರಡನ್ನೂ ಹತ್ತಿರ ಕರೆದ್ರು. ನೀರಲ್ಲಿದ್ದವರನ್ನ ಎತ್ತೋಕೆ ನಿಂತ ಹೋಗ್ ಕೂಡ ಟಾರ್ಪೆಡೊ ತಿಂದು ಮುಳುಗಿತು, ಆಮೇಲೆ ಕ್ರೆಸ್ಸಿ. ಎರಡು ಗಂಟೆ ಕೂಡ ಹಿಡೀಲಿಲ್ಲ. ಸತ್ತವರು 1,459.

ಆ ನಾವಿಕರ ತಪ್ಪು ಇದರಲ್ಲಿ ಕಾಣಲ್ಲ ನನಗೆ. ಕರೆದಾಗ ಬಂದರು, ಎರಡು ಸಲ ಬಂದರು. ಇಷ್ಟು ದಿನದಲ್ಲಿ ಇಷ್ಟು ಹಡಗು ಹೊರಟ್ವು ಅನ್ನೋದನ್ನ ನೌಕಾಪಡೆಯ ಆಡಳಿತ ಕಚೇರಿಯಾದ ಅಡ್ಮಿರಾಲ್ಟಿ ಜುಲೈನಲ್ಲಿ ಅಳೆದು ನೋಡಿತ್ತು. ಹೊರಟ ಹಡಗನ್ನ ಯಾವ ಕೆಲಸಕ್ಕೆ ಕಳಿಸಬಹುದು, ಯಾವುದಕ್ಕೆ ಕಳಿಸಲೇಬಾರದು ಅನ್ನೋದನ್ನ ಅಳೆದಿರಲಿಲ್ಲ. ನವೆಂಬರ್ 1ಕ್ಕೆ ಚಿಲಿಯ ಕೊರೊನೆಲ್ ಬಳಿ ಗುಡ್ ಹೋಪ್, ಮಾನ್‌ಮತ್ ಮುಳುಗಿದಾಗ, ಆ ಹಳೇ ಕ್ರೂಸರ್‌ಗಳಲ್ಲಿ ಇದ್ದವರೂ ಹೆಚ್ಚಾಗಿ ಮೀಸಲು ನಾವಿಕರೇ. ಎರಡರಲ್ಲೂ ಒಬ್ಬನೂ ಉಳಿಯಲಿಲ್ಲ.